ಪ್ರಾಣಾಯಾಮ ಸಾಕೇ?

ಶಿವಮೊಗ್ಗ, ಭದ್ರಾವತಿಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಚೆಕಪ್‌ಗೆ ಹೋಗಿಬರುವವರ ಮನೆಗಳಲ್ಲಿ ರಿಪೋರ್ಟ್ ಬರುವವರೆಗೆ ಯಾರಿಗೂ ಸರಿಯಾಗಿ ನಿದ್ದೆ ಇರುವುದಿಲ್ಲ. ಕ್ಯಾನ್ಸರ್ ವಾಸಿಯಾಗಿದೆ ಎಂದು ಡಾಕ್ಟರು ಹೇಳಿದ್ದರೂ ಒಂದು ಕೆಮ್ಮು, ಒಂದು ಬೆನ್ನುನೋವು ಬಂದರೆ ಎದೆ ಧಸಕ್ಕೆನ್ನುತ್ತದೆ. ನೆಂಟರಿಷ್ಟರೆಲ್ಲ ಕೊಡುವ ಸಲಹೆ ಒಂದೇ: ಮಾತ್ರೆ ಯಾಕೆ, ಪ್ರಾಣಾಯಾಮ ಮಾಡಿ.

ಮಾಡಲು ಅಡ್ಡಿಯಿಲ್ಲ. ಬೆಂಗಳೂರಿನ ಎಸ್-ವ್ಯಾಸ ಸಂಸ್ಥೆಯ ಸಂಶೋಧಕರು ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದ ಮಹಿಳೆಯರಿಗೆ ಯೋಗ ಕಲಿಸಿ ನೋಡಿದಾಗ ಆತಂಕ ತಗ್ಗಿದ್ದು ಕಂಡಿದೆ. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘದ 2023ರ ಮಾರ್ಗಸೂಚಿಗಳಲ್ಲೂ ಧ್ಯಾನ, ಯೋಗ, ವ್ಯಾಯಾಮ, ಆಲೋಚನೆಯ ಜಾಡು ತಿದ್ದುವ ಸಿಬಿಟಿ ಎಲ್ಲವೂ ಇವೆ. (ಮೂಳೆಗೆ ರೋಗ ಹರಡಿದ್ದವರು ಮಾತ್ರ ಡಾಕ್ಟರನ್ನು ಕೇಳದೆ ಆಸನಕ್ಕೆ ಇಳಿಯಬಾರದು.)

ಆದರೆ ಇಂಥ ಅಧ್ಯಯನಗಳಲ್ಲೊಂದು ತೊಡಕಿದೆ. ಯೋಗ ಮಾಡುತ್ತಿರುವವರಿಗೆ ತಾವು ಯೋಗ ಮಾಡುತ್ತಿದ್ದೇವೆಂದು ಗೊತ್ತೇ ಇರುತ್ತದೆ. ಔಷಧದ ಪರೀಕ್ಷೆಯಲ್ಲಿ ಕೊಡುವ ಹುಸಿಮಾತ್ರೆಯಂಥದ್ದು ಇಲ್ಲಿ ಸಾಧ್ಯವಿಲ್ಲ. ಏನೂ ಮಾಡದವರ ಪಕ್ಕದಲ್ಲಿಟ್ಟು ನೋಡಿದರೆ ಏನು ಮಾಡಿದರೂ ವಾಸಿ ಎನಿಸುತ್ತದೆ. ಹಾಗಾಗಿ ಎರಡು ಚಿಕಿತ್ಸೆಗಳನ್ನು ಎದುರುಬದುರು ನಿಲ್ಲಿಸಿದ ಪ್ರಯೋಗಗಳಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ಆಸ್ಟ್ರೇಲಿಯಾದಲ್ಲಿ ಅಂಥದೊಂದು ನಡೆದು, 2017ರಲ್ಲಿ ಪ್ರಕಟವಾಯಿತು. ರೋಗ ಮರುಕಳಿಸೀತೆಂಬ ಭಯವಿದ್ದ 222 ಜನರಲ್ಲಿ ಕೆಲವರಿಗೆ ಮೈಮನ ಸಡಿಲಿಸುವ ಅಭ್ಯಾಸ, ಉಳಿದವರಿಗೆ ಆ ಭಯವನ್ನೇ ಎದುರಿಗಿಟ್ಟುಕೊಂಡು ತಜ್ಞರೊಡನೆ ಮಾತುಕತೆ. ಎರಡರಿಂದಲೂ ಉಪಯೋಗವಾಯಿತು, ಭಯ ಹೆಚ್ಚು ಇಳಿದದ್ದು ಮಾತುಕತೆಯವರಲ್ಲಿ.

ಇದರಲ್ಲಿ ಆಶ್ಚರ್ಯವಿಲ್ಲ. ರೋಗ ಮರಳುವ ಭಯ ಬರೀ ಭ್ರಮೆಯಲ್ಲ, ಮರಳುವುದುಂಟು. ಉಸಿರಾಟ ಎದೆಬಡಿತವನ್ನು ತಗ್ಗಿಸೀತು. ಯಾವ ನೋವಿಗೆ ಆಸ್ಪತ್ರೆಗೆ ಓಡಬೇಕು, ಯಾವುದಕ್ಕೆ ಎರಡು ವಾರ ಕಾಯಬಹುದು ಎಂಬುದನ್ನು ಅದು ಹೇಳಿಕೊಡದು. ಅದಕ್ಕೆ ಎದುರಿಗೊಬ್ಬರು ಕೂತು ಕೇಳಿಸಿಕೊಳ್ಳಬೇಕು.

ಯೋಗದ ತರಗತಿ ಭದ್ರಾವತಿಯ ಬಡಾವಣೆಗಳಲ್ಲೂ ಸಿಗುತ್ತದೆ. ಕ್ಯಾನ್ಸರ್ ಬಲ್ಲ ಆಪ್ತಸಮಾಲೋಚಕರು ಹಾಗೆ ಸಿಗುವುದಿಲ್ಲ. ಮನಸ್ಸಿನ ಕಾಯಿಲೆಯನ್ನು ಕನ್ನಡದಲ್ಲಿ ಜನರಿಗೆ ತಿಳಿಯಹೇಳಿದ ಡಾ. ಅಶೋಕ್ ಪೈ ಅವರ ಊರು ಶಿವಮೊಗ್ಗ. ಅಲ್ಲಿನ ಮೆಗ್ಗಾನ್ ಆಸ್ಪತ್ರೆಯಂಥ ಕಡೆ ನರ್ಸ್‌ಗಳಿಗೆ ಈ ಮಾತುಕತೆಯ ತರಬೇತಿ ಕೊಡುವುದು ಇನ್ನೊಂದು ಯೋಗ ಶಿಬಿರಕ್ಕಿಂತ ಮೊದಲು ಆಗಬೇಕಾದ ಕೆಲಸ. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ; ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.