ದಾರಿಯ ಕುರುಹು ಯಾರ ಕೈಯಲ್ಲಿರಬೇಕು?



ಯುಗಾದಿ ಸಮೀಪಿಸಿತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು ಸೀಮೆಯ ಭಕ್ತಜನರ ಮನಸ್ಸು ಶ್ರೀಶೈಲದತ್ತ ಹರಿಯುವುದು ತಲೆತಲಾಂತರದಿಂದ ಬಂದ ರೂಢಿ. ಮಲ್ಲಯ್ಯನ ಕಂಬಿಯನ್ನು ಮುಂದಿಟ್ಟುಕೊಂಡು ಕಾಲ್ನಡಿಗೆಯಲ್ಲಿ ಸಾಗುವ ಈ ಯಾತ್ರೆಯ ವಿಷಯವಾಗಿ ಈಚೆಗೆ ನಮ್ಮ ಮುಂದೆ ಒಂದು ವ್ಯಾಜ್ಯ ಬಂದಿತು. ನಾವು ಜೊತೆಗೂಡಿ ನಡೆಯುವ ತಂಡದ ಸಭೆಯಲ್ಲಿ ತರುಣ ಎಂಜಿನಿಯರರೊಬ್ಬರು, ಕಾಡುದಾರಿಗಾಗಿ ಕೈಯಲ್ಲಿ ಹಿಡಿಯುವ ಜಿ.ಪಿ.ಎಸ್. ಉಪಕರಣವೊಂದನ್ನು ಕೊಳ್ಳಬೇಕೆಂದು ಸೂಚಿಸಿದರು. ಹಿರಿಯರೊಬ್ಬರು ಎದ್ದು ನಿಂತು, "ಎಲ್ಲರ ಕಿಸೆಯಲ್ಲೂ ಸ್ಮಾರ್ಟ್‌ಫೋನ್ ಇದೆ. ಅದೂ ದಾರಿ ತೋರಿಸುತ್ತದೆ. ದಾಸೋಹಕ್ಕೆಂದು ಕೂಡಿಸಿದ ಹಣವನ್ನು ಯಂತ್ರಕ್ಕೆ ಸುರಿಯುವುದು ಯಾವ ನ್ಯಾಯ?" ಎಂದು ಕೇಳಿದರು. ಮಾತು ಬಿಸಿಯಾಯಿತು. ಕಡೆಗೆ, "ನೀವು ಹೇಳಿದಂತೆ ಆಗಲಿ" ಎಂದು ಎರಡೂ ಪಕ್ಷದವರು ಭಾರವನ್ನು ನಮ್ಮ ಮೇಲೆ ಹೊರಿಸಿದರು.

ಹೀಗೆ ಹೊರಿಸಿದುದಕ್ಕೆ ಕಾರಣವಿದೆ. 2019ರ ಯುಗಾದಿಯ ಯಾತ್ರೆಯಲ್ಲಿ ನಡೆದ ಒಂದು ಸಂಗತಿಯನ್ನು ಆ ಸಭೆಯಲ್ಲಿದ್ದ ಯಾರೂ ಮರೆತಿರಲಿಲ್ಲ.

ಆತ್ಮಕೂರಿನ ಆಚೆ ನಾಗಲೂಟಿಯನ್ನು ದಾಟಿದ ಮೇಲೆ ನಲ್ಲಮಲದ ಅರಣ್ಯ ದಟ್ಟವಾಗುತ್ತದೆ. ಅಲ್ಲಿಂದ ಪೆದ್ದಚೆರುವು, ಅನಂತರ ಭೀಮನ ಕೊಳ್ಳ, ಕೊಳ್ಳವನ್ನು ಇಳಿದು ಮೆಟ್ಟಿಲುಗಳನ್ನು ಹತ್ತಿದರೆ ಕೈಲಾಸದ್ವಾರ. ಇದು ನಡೆದು ಹೋಗುವವರ ಹಾದಿ. ಆ ವರ್ಷ ನಮ್ಮ ತಂಡದಲ್ಲಿ ಸುಮಾರು ನಲವತ್ತು ಜನರಿದ್ದೆವು. ಎಪ್ಪತ್ತು ದಾಟಿದ ತಾಯಿಯೊಬ್ಬರು ಕಾಲಿಗೆ ಬೊಕ್ಕೆಯೆದ್ದು ಹಿಂದೆ ಉಳಿದರು. ಅವರ ಮೊಮ್ಮಗ ಜೊತೆಗಿದ್ದನು. ಕೂತು ಎದ್ದ ಮೇಲೆ ಇಬ್ಬರೂ ದನಕರುಗಳ ಕಾಲುದಾರಿಯೊಂದನ್ನೇ ಯಾತ್ರೆಯ ದಾರಿಯೆಂದು ಬಗೆದು ಒಳಕ್ಕೆ ಹೋಗಿಬಿಟ್ಟರು. ಹುಡುಗನ ಬಳಿ ಒಳ್ಳೆಯ ಫೋನೇ ಇತ್ತು. ಆದರೆ ಅದರಲ್ಲಿ ಆ ಕಾಡಿನ ನಕ್ಷೆ ಇರಲಿಲ್ಲ. ಬೆಳಗಿನಿಂದ ಚಿತ್ರ ತೆಗೆದು, ಭಜನೆ ಹಾಡು ಹಚ್ಚಿ, ಮಧ್ಯಾಹ್ನದ ಹೊತ್ತಿಗೆ ಅದರ ಬ್ಯಾಟರಿಯೂ ಮುಗಿದಿತ್ತು. ಹೊತ್ತು ಮುಳುಗುವ ಮುನ್ನ ಚೆಂಚು ಜನಾಂಗದ ಒಬ್ಬ ಪುಣ್ಯಾತ್ಮನು ಅವರಿಬ್ಬರನ್ನು ಕಂಡು, ನೀರು ಕೊಟ್ಟು, ಕೈಹಿಡಿದು ತಂದು ನಮ್ಮ ಬಿಡಾರಕ್ಕೆ ಮುಟ್ಟಿಸಿದನು. ಮಲ್ಲಯ್ಯನನ್ನು ತಮ್ಮ ಮನೆಯ ಅಳಿಯನೆಂದು ಭಾವಿಸುವ ಜನ ಅವರು.

ನಾವು ಹುಡುಗನನ್ನು ಗದರಿಸಿದೆವು. ಆಗ ಆ ತಾಯಿ ಹೇಳಿದರು: "ಹುಡುಗನ್ನ ಬೈಬ್ಯಾಡ್ರಿ ಯಪ್ಪಾ. ನೀವೆಲ್ಲಾರೂ ಮುಂದ ಹೋಗಿದ್ರಿ, ನಾವು ಹಿಂದ ಉಳದಿದ್ವಿ, ಅಷ್ಟ."

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಈಗಿನ ಪ್ರಶ್ನೆಯನ್ನು ವಿಚಾರಿಸಬೇಕಾಗಿದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಕಳೆದುಕೊಳ್ಳೋಣ. ಸಿಗ್ನಲ್ ಇಲ್ಲದಲ್ಲಿ ಫೋನಿನ ಜಿ.ಪಿ.ಎಸ್. ನಡೆಯುವುದಿಲ್ಲವೆಂದು ಹಲವರು ನಂಬಿದ್ದಾರೆ. ಅದು ನಿಜವಲ್ಲ. ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಾರುವ ಸಮಯದ ಸಂಕೇತಗಳನ್ನು ಉಪಕರಣವು ಕೇಳಿಸಿಕೊಳ್ಳುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ದೊರೆತರೆ ತಾನು ನಿಂತ ಸ್ಥಳವನ್ನು ಲೆಕ್ಕ ಹಾಕುತ್ತದೆ. ಇದಕ್ಕೆ ಮೊಬೈಲ್ ಗೋಪುರ ಬೇಕಿಲ್ಲ. ಗೋಪುರದ ನೆರವಿದ್ದರೆ ಮೊದಲ ಸಲ ಸ್ಥಳ ಗುರುತಿಸುವುದು ಬೇಗನೆ ಆಗುತ್ತದೆ, ಇಲ್ಲದಿದ್ದರೆ ಬಯಲಿನಲ್ಲಿ ಕೆಲವು ನಿಮಿಷ ಕಾಯಬೇಕಾಗುತ್ತದೆ, ಅಷ್ಟೇ. ತೆರೆದ ಆಕಾಶದ ಕೆಳಗೆ ಸಾಧಾರಣ ಸ್ಮಾರ್ಟ್‌ಫೋನು ಸಹ ಐದು ಮೀಟರಿನ ಆಸುಪಾಸಿನಲ್ಲಿ ಸ್ಥಳವನ್ನು ಹೇಳಬಲ್ಲದು. ಸಿಗ್ನಲ್ ಇಲ್ಲದಾಗ ಇಲ್ಲವಾಗುವುದು ನಕ್ಷೆ. ಮನೆಯಲ್ಲಿರುವಾಗಲೇ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳದಿದ್ದರೆ ಖಾಲಿ ಪರದೆಯ ಮೇಲೆ ಒಂದು ನೀಲಿ ಚುಕ್ಕೆ ಮಾತ್ರ ಉಳಿಯುತ್ತದೆ. ಆ ಹುಡುಗನಿಗೆ ಆದದ್ದು ಇದೇ.

ಆದುದರಿಂದ ಹಿರಿಯರ ಮಾತಿನಲ್ಲಿ ಸತ್ಯಾಂಶವಿದೆ. ಫೋನಿನ ಪರದೆ ದೊಡ್ಡದು, ನಕ್ಷೆ ಸ್ಪಷ್ಟ, ಬಳಕೆ ಎಲ್ಲರಿಗೂ ಪರಿಚಿತ, ಹೊಸ ಖರ್ಚಿಲ್ಲ. ಹೋದ ವರ್ಷ ನಡೆದವರು ದಾಖಲಿಸಿಕೊಂಡ ದಾರಿಯ ಜಾಡನ್ನು ಅದರಲ್ಲಿ ತುಂಬಿಕೊಂಡರೆ, ನಕ್ಷೆಯಲ್ಲಿ ಗುರುತಿಲ್ಲದ ಕಾಲುದಾರಿಯೂ ಕಾಣುತ್ತದೆ.

ತರುಣರ ಮಾತೂ ಸುಳ್ಳಲ್ಲ. ಫೋನಿನ ದೌರ್ಬಲ್ಯ ಅದರ ಬ್ಯಾಟರಿ. ಸಿಗ್ನಲ್ ಇಲ್ಲದ ಕಾಡಿನಲ್ಲಿ ಅದು ಗೋಪುರವನ್ನು ಹುಡುಕಿ ಹುಡುಕಿ ತನ್ನ ಶಕ್ತಿಯನ್ನೇ ತಿಂದುಕೊಳ್ಳುತ್ತದೆ. ಯುಗಾದಿಯ ಬಿಸಿಲಿನಲ್ಲಿ ಕಾದರೆ ತಾನಾಗಿ ಆರಿಹೋಗುವುದೂ ಉಂಟು. ಬೆವರಿದ ಬೆರಳಿಗೆ ಪರದೆ ಸರಿಯಾಗಿ ಓಗೊಡುವುದಿಲ್ಲ, ಕಲ್ಲಿನ ಮೇಲೆ ಬಿದ್ದರೆ ಒಡೆಯುತ್ತದೆ. ಕೈಯಲ್ಲಿ ಹಿಡಿಯುವ ಜಿ.ಪಿ.ಎಸ್. ಉಪಕರಣವಾದರೋ ಈ ಒಂದೇ ಕಾಯಕಕ್ಕೆ ಹುಟ್ಟಿದ್ದು. ಅನೇಕ ಮಾದರಿಗಳಲ್ಲಿ ಒತ್ತುವ ಗುಂಡಿಗಳಿವೆ, ನೀರು ತಾಗಿದರೂ ಕೆಡುವುದಿಲ್ಲ. ಬ್ಯಾಟರಿ ದೀಪಕ್ಕೆ ಹಾಕುವಂತಹ ಎರಡು ಸಣ್ಣ ಸೆಲ್ಲುಗಳಿಂದ ಇಪ್ಪತ್ತು ಗಂಟೆಗೂ ಮೀರಿ ನಡೆಯುವ ಮಾದರಿಗಳಿವೆ. ಸೆಲ್ಲು ತೀರಿದರೆ ಬೇರೆ ಜೋಡಿ ಹಾಕಿದರಾಯಿತು, ವಿದ್ಯುತ್ತನ್ನು ಕಾಯಬೇಕಿಲ್ಲ.

ಆದರೆ ಅದಕ್ಕೂ ಮಿತಿಗಳಿವೆ. ಪರದೆ ಚಿಕ್ಕದು, ಬೆಲೆ ಹೆಚ್ಚು, ಒಳಗಿನ ನಕ್ಷೆ ಬಹುಮಟ್ಟಿಗೆ ಸ್ಥೂಲ. ಕೊಂಡ ದಿನವೇ ಅದು ನಲ್ಲಮಲದ ದಾರಿಯನ್ನು ಬಲ್ಲದೆಂದು ತಿಳಿಯಬಾರದು. ಅದಕ್ಕೂ ದಾರಿಯ ಜಾಡನ್ನು ನಾವೇ ತುಂಬಬೇಕು, ಊರ ಹೊಲದಲ್ಲಿ ನಾಲ್ಕು ದಿನ ಹಿಡಿದು ನಡೆದು ಅಭ್ಯಾಸ ಮಾಡಬೇಕು. ಇನ್ನೊಂದು ಎಚ್ಚರಿಕೆ ಎರಡಕ್ಕೂ ಸಲ್ಲುತ್ತದೆ. ಜಾಡು ತುಂಬದೆ ಗುರಿಯನ್ನು ಮಾತ್ರ ಕೊಟ್ಟರೆ ಬಾಣದ ಗುರುತು ನೇರ ದಿಕ್ಕನ್ನು ತೋರಿಸುತ್ತದೆ. ಭೀಮನ ಕೊಳ್ಳದ ಅಂಚಿನಲ್ಲಿ ನಿಂತು ನೇರ ದಿಕ್ಕನ್ನು ನಂಬಿ ಹೆಜ್ಜೆಯಿಟ್ಟರೆ ಗತಿಯೇನು? ಕೊಳ್ಳದೊಳಗೆ ಬಂಡೆಗಳಿಗೆ ಬಡಿದು ಬರುವ ಸಂಕೇತದಿಂದ ಲೆಕ್ಕವೂ ಸ್ವಲ್ಪ ತಪ್ಪಬಹುದು.

ವಿದೇಶದಲ್ಲಿ ಮಕ್ಕಳಿರುವ ಮನೆಯವರಿಗೆ ಒಂದು ಮಾತು. ಉಪಗ್ರಹದ ಮೂಲಕ ಸಂದೇಶವನ್ನು ಕಳುಹಿಸುವ ಉಪಕರಣಗಳೂ ಅಲ್ಲಿ ದೊರೆಯುತ್ತವೆ, ನೋಡಲು ಜಿ.ಪಿ.ಎಸ್. ಉಪಕರಣದಂತೆಯೇ ಇರುತ್ತವೆ. ಸರ್ಕಾರದ ಅನುಮತಿಯಿಲ್ಲದೆ ಅವನ್ನು ನಮ್ಮ ದೇಶದಲ್ಲಿ ಇಟ್ಟುಕೊಳ್ಳುವುದು ಅಪರಾಧ. ಸಂಕೇತವನ್ನು ಕೇಳಿಸಿಕೊಳ್ಳುವುದಷ್ಟೇ ಕೆಲಸವಾದ ಸಾಧಾರಣ ಉಪಕರಣ ಬೇರೆ, ಇದು ಬೇರೆ. ಕಾಣಿಕೆಯಾಗಿ ಬಂದರೂ ಯಾತ್ರೆಗೆ ತರಬೇಡಿರಿ.

ಇನ್ನು ನಮ್ಮ ಅಭಿಪ್ರಾಯ. ಯುಗಾದಿಯ ದಿನಗಳಲ್ಲಿ ಜನಸಮೂಹದೊಡನೆ ನಡೆಯುವ ಒಂದು ಕುಟುಂಬಕ್ಕೆ ಬೇರೆ ಉಪಕರಣದ ಅಗತ್ಯವಿಲ್ಲ. ಫೋನನ್ನೇ ಸಿದ್ಧಪಡಿಸಿಕೊಂಡರೆ ಸಾಕು. ನಕ್ಷೆಯನ್ನೂ ಜಾಡನ್ನೂ ಮೊದಲೇ ಇಳಿಸಿಕೊಳ್ಳಿರಿ. ಕಾಡು ಹೊಕ್ಕ ಕೂಡಲೇ ಫೋನನ್ನು ವಿಮಾನದಲ್ಲಿ ಬಳಸುವ ಸ್ಥಿತಿಗೆ ತಂದರೆ ಗೋಪುರದ ಹುಡುಕಾಟ ನಿಲ್ಲುತ್ತದೆ, ಜಿ.ಪಿ.ಎಸ್. ನಡೆಯುತ್ತಿರುತ್ತದೆ. ಪವರ್ ಬ್ಯಾಂಕ್ ಒಂದಿರಲಿ. ಒಂದು ಫೋನನ್ನು ಆರಿಸಿ ಚೀಲದಲ್ಲಿಡಿರಿ. ಸಿಗ್ನಲ್ ಸಿಕ್ಕಲ್ಲಿ 112ಕ್ಕೆ ಕರೆ ಮಾಡಲು ಅದು ಉಳಿದಿರಬೇಕು. ಇದು ಹುಲಿಗಳ ರಕ್ಷಿತಾರಣ್ಯ. ಅರಣ್ಯ ಇಲಾಖೆಯವರು ಗೊತ್ತುಪಡಿಸಿದ ದಿನ, ವೇಳೆ ಮತ್ತು ದಾರಿಯನ್ನು ಮೀರಿ ನಡೆಯಲು ಯಾವ ಯಂತ್ರವೂ ಅಪ್ಪಣೆ ಕೊಡಲಾರದು.

ನಲವತ್ತು ಜನರ ಹೊಣೆ ಹೊತ್ತ ತಂಡದ ಮಾತು ಬೇರೆ. ಅಲ್ಲಿ ಒಂದು ಜಿ.ಪಿ.ಎಸ್. ಉಪಕರಣವಿರುವುದು ಒಳ್ಳೆಯದು. ಒಂದೇ ತಂಡಕ್ಕೆ ಭಾರವಾದರೆ ಬೇರೆ ಬೇರೆ ದಿನ ಹೊರಡುವ ಎರಡು ಮೂರು ತಂಡಗಳು ಕೂಡಿ ಕೊಳ್ಳಬಹುದು. ದಾಸೋಹದ ಹಣದ ಮಾತೆತ್ತಿದ ಹಿರಿಯರಿಗೆ ನಮ್ಮ ಬಿನ್ನಹವಿಷ್ಟು: ಹಸಿದವನಿಗೆ ಅನ್ನವಿಕ್ಕುವುದು ದಾಸೋಹವಾದರೆ, ದಾರಿ ತಪ್ಪಿದವರನ್ನು ಪಂಕ್ತಿಗೆ ಕರೆತರುವುದೂ ಅದರೊಳಗಿನ ಕೆಲಸವೇ. ಆ ಸಂಜೆ ನಮ್ಮ ಪಂಕ್ತಿಯಲ್ಲಿ ಎರಡು ಎಲೆ ಖಾಲಿಯಿದ್ದವು. ಅಡುಗೆ ಬೇಕಾದಷ್ಟಿತ್ತು.

ಆದರೆ ಆ ಉಪಕರಣ ಯಾರ ಕೈಯಲ್ಲಿರಬೇಕು? ತರುಣರು ಅದನ್ನು ಮುಂದಾಳುವಿಗೆ ಕೊಡಬೇಕೆಂದರು. ನಾವು ಒಪ್ಪಲಿಲ್ಲ. ಮುಂದೆ ನಡೆಯುವವನಿಗೆ ಕಂಬಿಯಿದೆ, ಜನರ ಸಾಲಿದೆ, ಹತ್ತಾರು ವರ್ಷದ ಅನುಭವವಿದೆ. ದಾರಿ ತಪ್ಪುವವರು ಹಿಂದಿರುವವರು: ಕಾಲುನೋವಿನವರು, ವೃದ್ಧರು, ಮಕ್ಕಳನ್ನು ಎತ್ತಿಕೊಂಡವರು. ಆದುದರಿಂದ ಉಪಕರಣವು ಎಲ್ಲರಿಗಿಂತ ಹಿಂದೆ ನಡೆಯುವವನ ಕೈಯಲ್ಲಿರಬೇಕು. ಯಾರೊಬ್ಬರೂ ಅವನಿಗಿಂತ ಹಿಂದೆ ಉಳಿಯಕೂಡದು. ಮುಂದಾಳುವಿಗೆ ಸಿದ್ಧಪಡಿಸಿದ ಫೋನು ಸಾಕು. ನೀರಿನ ನೆಲೆ ಬಂದಲ್ಲೆಲ್ಲ ಅವನು ನಿಲ್ಲಬೇಕು, ಹಿಂದಿನವನು ಬಂದು ತಲೆಯೆಣಿಸಿದ ಮೇಲೆಯೇ ಮುಂದಡಿ ಇಡಬೇಕು.

ಕುರುಹು ಬೇರೆ, ಅರಿವು ಬೇರೆ ಎಂಬುದನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಫೋನಾಗಲಿ ಜಿ.ಪಿ.ಎಸ್. ಆಗಲಿ, ನಾವೆಲ್ಲಿ ನಿಂತಿದ್ದೇವೆಂಬ ಕುರುಹನ್ನು ಕೊಡಬಲ್ಲದು. ನಮ್ಮ ಜೊತೆಗೆ ಹೊರಟವರು ಎಲ್ಲಿ ನಿಂತಿದ್ದಾರೆಂಬ ಎಚ್ಚರ ಮಾತ್ರ ನಮ್ಮದೇ ಆಗಬೇಕು. 2019ರಲ್ಲಿ ಆ ಎಚ್ಚರ ತಪ್ಪಿದವರಲ್ಲಿ ನಾವೇ ಮೊದಲಿಗರು. ಕಂಬಿಯ ಪಕ್ಕದಲ್ಲಿ ನಡೆಯುವ ಗೌರವದಲ್ಲಿ ಒಮ್ಮೆಯೂ ಹಿಂದಿರುಗಿ ನೋಡಿರಲಿಲ್ಲ.

ಸಭೆ ಒಪ್ಪಿತು. ಉಪಕರಣ ಬರಲಿದೆ. ಅದರ ಬಳಕೆಯನ್ನು ತಂಡಕ್ಕೆ ಕಲಿಸುವ ಹೊಣೆಯನ್ನು ಆ ಮೊಮ್ಮಗನೇ ಕೇಳಿ ಪಡೆದಿದ್ದಾನೆ. ಬರುವ ಯಾತ್ರೆಯಲ್ಲಿ ಎಲ್ಲರಿಗಿಂತ ಹಿಂದೆ ಅವನು ನಡೆಯುವನು, ಅವನ ಜೊತೆಗೆ ನಾವು.