ದೆವ್ವ ಹುಡುಕುವವರಲ್ಲಿ ನಿಜವಾಗಿ ಹುಡುಕುವವರು ಯಾರು?

ಕತ್ತಲ ಮನೆ. ಹಸಿರು ಬಣ್ಣಕ್ಕೆ ತಿರುಗಿದ ದೃಶ್ಯ. ಮೂವರು ಯುವಕರು, ಒಬ್ಬನ ಕೈಯಲ್ಲಿ ದೀಪ ಮಿನುಗುವ ಮೀಟರ್. "ಇಲ್ಲಿ ಯಾರಾದರೂ ಇದ್ದೀರಾ?" ಎಂಬ ಪ್ರಶ್ನೆ. ಎಲ್ಲೋ ಒಂದು ಸದ್ದು. ಓಡುವ ಕ್ಯಾಮೆರಾ. ಕೊನೆಗೆ, "ಎರಡನೇ ಭಾಗ ಬೇಕಾದರೆ ಸಬ್‌ಸ್ಕ್ರೈಬ್ ಮಾಡಿ."

ಇಂಥ ವಿಡಿಯೋ ನಿಮ್ಮ ಮೊಬೈಲ್‌ಗೂ ಬಂದಿರುತ್ತದೆ. ಬೆಂಗಳೂರಿನ ಗ್ರೂಪ್‌ಗಳಿಂದ ಹಿಡಿದು ನಮ್ಮ ಮಸ್ಕಿ, ಸಿಂಧನೂರು, ಲಿಂಗಸುಗೂರಿನ ಗ್ರೂಪ್‌ಗಳವರೆಗೆ ಇವು ಓಡಾಡುತ್ತವೆ. ನೋಡಿದವರಲ್ಲಿ ಎರಡು ಪಕ್ಷ. "ಪಾಪ, ಪ್ರಾಣ ಒತ್ತೆ ಇಟ್ಟು ಸತ್ಯ ಹುಡುಕುತ್ತಿದ್ದಾರೆ" ಎನ್ನುವವರು ಒಂದು ಕಡೆ, "ಎಲ್ಲ ನಾಟಕ, ವ್ಯೂಸ್‌ಗಾಗಿ" ಎನ್ನುವವರು ಇನ್ನೊಂದು ಕಡೆ.

ದೆವ್ವ ಇದೆಯೋ ಇಲ್ಲವೋ ಎಂಬ ಚರ್ಚೆಯನ್ನು ಈ ಲೇಖನದಲ್ಲಿ ನಾವು ಬದಿಗಿಡೋಣ. ಹುಡುಕುವವರು ಪ್ರಾಮಾಣಿಕರೋ, ಪ್ರದರ್ಶನಕಾರರೋ ಎಂದು ಗುರುತಿಸುವುದು ಹೇಗೆ ಎಂಬುದಷ್ಟೇ ನಮ್ಮ ಪ್ರಶ್ನೆ. ಅವರ ಮುಖಭಾವದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ತಾವು ತಪ್ಪು ಎಂದು ಗೊತ್ತಾಗಲು ಅವರು ದಾರಿ ಬಿಟ್ಟಿದ್ದಾರೆಯೇ ಎಂದು ನೋಡಬೇಕು.

ಮೀಟರ್ ಏನು ಅಳೆಯುತ್ತದೆ?

ವಿಡಿಯೋಗಳಲ್ಲಿ ಕಾಣುವ ಇಎಂಎಫ್ ಮೀಟರ್ ವಿದ್ಯುತ್ಕಾಂತೀಯ ಕ್ಷೇತ್ರವನ್ನು ಅಳೆಯುವ ಸಾಧನ. ವೈರಿಂಗ್ ದೋಷ ಪತ್ತೆ ಹಚ್ಚಲು ಇಂಥವನ್ನು ಬಳಸುತ್ತಾರೆ. ಗೋಡೆಯೊಳಗಿನ ತಂತಿ, ಮೋಟಾರು, ಪಕ್ಕದವನ ಜೇಬಿನ ಮೊಬೈಲ್, ಎಲ್ಲಕ್ಕೂ ಅದು ಮಿನುಗಬಹುದು. ಮೀಟರ್ ಸುಳ್ಳು ಹೇಳುವುದಿಲ್ಲ. "ಮಿನುಗಿದರೆ ಆತ್ಮ ಬಂದಿದೆ" ಎಂಬ ಅರ್ಥವನ್ನು ಹಚ್ಚುವವರು ಮನುಷ್ಯರು.

ಫೋಟೋದಲ್ಲಿ ತೇಲುವ ಬಿಳಿ ಉಂಡೆಗಳು ಬಹುತೇಕ ಧೂಳಿನ ಕಣ, ಹುಳು ಅಥವಾ ನೀರಿನ ಹನಿ. ಲೆನ್ಸ್‌ಗೆ ತೀರ ಹತ್ತಿರವಿರುವ ಕಣಕ್ಕೆ ಫ್ಲ್ಯಾಶ್ ಬೆಳಕು ಬಡಿದಾಗ ಅದು ಮಸುಕಾದ ದೊಡ್ಡ ಉಂಡೆಯಾಗಿ ಮೂಡುತ್ತದೆ. ರೆಕಾರ್ಡಿಂಗ್‌ನ ಗೊರಗೊರ ಸದ್ದಿನಲ್ಲಿ "ಹೋಗು" ಎಂಬ ಮಾತು ಕೇಳುವುದಕ್ಕೆ ಕಾರಣ ನಮ್ಮ ಮೆದುಳು. ಮೋಡದಲ್ಲಿ ಆನೆ ಕಂಡಂತೆ, ಅಸ್ಪಷ್ಟ ಸದ್ದಿನಲ್ಲಿ ಅದು ಪರಿಚಿತ ಮಾತು ಹುಡುಕುತ್ತದೆ. ಅದರಲ್ಲೂ ತೆರೆಯ ಮೇಲೆ "ಹೋಗು" ಎಂದು ಅಕ್ಷರ ಹಾಕಿಬಿಟ್ಟರೆ ಬೇರೆ ಏನೂ ಕೇಳುವುದೇ ಇಲ್ಲ.

ಪ್ರಾಮಾಣಿಕ ಶೋಧಕನೂ ಇದೇ ಮೀಟರ್ ಹಿಡಿಯಬಹುದು. ಆದರೆ ಆತ ಮೊದಲು ಮೇನ್ ಸ್ವಿಚ್ ಆರಿಸುತ್ತಾನೆ, ಎಲ್ಲರ ಮೊಬೈಲ್ ಹೊರಗಿಡುತ್ತಾನೆ, ಯಾವ ಹೆಸರೂ ಅಂಟದ ಪಕ್ಕದ ಮನೆಯಲ್ಲೂ ಅಳೆಯುತ್ತಾನೆ. ಅಲ್ಲೂ ಅಷ್ಟೇ ಮಿನುಗಿದರೆ ಕಥೆ ಮುಗಿಯಿತು. ಆ ಮುಗಿದ ಕಥೆಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಅದು ಬೇರೆ ಮಾತು.

ಫ್ಯಾನ್ ಬದಲಿಸಿದಾಗ ಹೋದ ದೆವ್ವ

ನಿಜವಾದ ಹುಡುಕಾಟಕ್ಕೆ ಒಂದು ಒಳ್ಳೆಯ ಉದಾಹರಣೆ ಇಂಗ್ಲೆಂಡ್‌ನ ಎಂಜಿನಿಯರ್ ವಿಕ್ ಟ್ಯಾಂಡಿ. ಅವರು ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ದೆವ್ವವಿದೆ ಎಂಬ ಮಾತಿತ್ತು. ಒಂದು ರಾತ್ರಿ ಅವರಿಗೂ ಮೈ ಬೆವರಿತು, ಕಣ್ಣಂಚಿನಲ್ಲಿ ಬೂದು ಆಕೃತಿ ಕಂಡಿತು. ಮರುದಿನ ಹಿಡಿಕೆಯಲ್ಲಿ ಬಿಗಿದಿಟ್ಟಿದ್ದ ಕತ್ತಿವರಸೆಯ ಕತ್ತಿ ತಾನಾಗಿಯೇ ಕಂಪಿಸುವುದನ್ನು ಅವರು ಗಮನಿಸಿದರು. ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ಹೊಸದಾಗಿ ಹಾಕಿದ್ದ ಎಕ್ಸಾಸ್ಟ್ ಫ್ಯಾನ್. ಅದು ಸೆಕೆಂಡಿಗೆ ಸುಮಾರು 19 ಸಲ ಕಂಪಿಸುವ ಶಬ್ದದ ಅಲೆ ಎಬ್ಬಿಸುತ್ತಿತ್ತು. 20ಕ್ಕಿಂತ ಕಡಿಮೆಯಿದ್ದರೆ ನಮ್ಮ ಕಿವಿಗೆ ಸಾಮಾನ್ಯವಾಗಿ ಕೇಳಿಸುವುದಿಲ್ಲ. ಫ್ಯಾನ್ ಕೂರಿಸಿದ ರೀತಿ ಬದಲಿಸಿದಾಗ ಆ ಅಲೆ ಹೋಯಿತು. 1998ರಲ್ಲಿ ಇದರ ವಿವರ ಪ್ರಕಟವಾಯಿತು.

ಆದರೆ ಕಥೆ ಇಲ್ಲಿಗೇ ನಿಲ್ಲುವುದಿಲ್ಲ. ಲಂಡನ್‌ನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಸಂಶೋಧಕರು ಇಂಥ ಅಲೆಗಳನ್ನು ಹರಿಸಬಲ್ಲ ಕೋಣೆಯೊಂದನ್ನು ಕಟ್ಟಿ ಜನರನ್ನು ಒಳಗೆ ಕಳಿಸಿದರು. ವಿಚಿತ್ರ ಅನುಭವ ಆಗಬಹುದು ಎಂದು ಮೊದಲೇ ತಿಳಿಸಿದ್ದರು. 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹಲವರಿಗೆ ವಿಚಿತ್ರ ಅನುಭವ ಆಗಿತ್ತು, ಆದರೆ ಅಲೆ ಇತ್ತೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧ ಕಾಣಲಿಲ್ಲ. ಆಗಬಹುದು ಎಂಬ ಸೂಚನೆಯೇ ಸಾಕಾಗಿತ್ತು ಎಂಬ ವಿವರಣೆಗೆ ಅವರು ಒಲಿದರು.

ದೆವ್ವಕ್ಕೆ ಸಿಕ್ಕ "ವೈಜ್ಞಾನಿಕ ಕಾರಣ"ವನ್ನೂ ಹೀಗೆ ಮತ್ತೆ ಪರೀಕ್ಷೆಗೆ ಒಡ್ಡಲಾಯಿತು. ಪ್ರಾಮಾಣಿಕತೆ ಎಂದರೆ ಇದು. "ಈ ಮನೆಯಲ್ಲಿ ಮೂವರು ನೇಣು ಹಾಕಿಕೊಂಡಿದ್ದರು" ಎಂದು ಮೊದಲ ನಿಮಿಷದಲ್ಲೇ ಹೇಳಿ ಒಳಗೆ ಹೋಗುವ ವಿಡಿಯೋ ಏನು ಮಾಡುತ್ತಿದೆ ಎಂಬುದೂ ಇದರಿಂದ ಅರ್ಥವಾಗುತ್ತದೆ.

1976ರ ಬೆಂಗಳೂರು

ನಮ್ಮ ರಾಜ್ಯದಲ್ಲೇ ಇಂಥ ಪರೀಕ್ಷೆಗೆ ದೊಡ್ಡ ಪ್ರಯತ್ನ ನಡೆದಿತ್ತು. ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಮತ್ತು ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನು ತನಿಖೆ ಮಾಡಲು ಸಮಿತಿ ರಚಿಸಿದರು. "ಪರೀಕ್ಷಿಸಬಹುದಾದ" ಎಂಬ ಪದ ಸಮಿತಿಯ ಹೆಸರಿನಲ್ಲೇ ಇತ್ತು. ಪರೀಕ್ಷೆಗೆ ಸಿಗದ ನಂಬಿಕೆಗಳ ತಂಟೆಗೆ ಸಮಿತಿ ಹೋಗುವುದಿಲ್ಲ ಎಂಬ ಗೆರೆ ಅದು.

ನರಸಿಂಹಯ್ಯನವರು ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಮೂರು ಪತ್ರ ಬರೆದು, ನಿಯಂತ್ರಿತ ಪರಿಸ್ಥಿತಿಯಲ್ಲಿ ಪವಾಡ ತೋರಿಸಲು ಕೋರಿದರು. ಬಾಬಾ ಒಪ್ಪಲಿಲ್ಲ. ಆಧ್ಯಾತ್ಮ ಇಂದ್ರಿಯಗಳನ್ನು ಮೀರಿದ್ದು, ವಿಜ್ಞಾನದ ಪರಿಧಿಗೆ ಬರುವಂಥದ್ದಲ್ಲ ಎಂಬುದು ಅವರ ನಿಲುವಾಗಿತ್ತು. ಸಮಿತಿ ಪಾಂಡವಪುರದಲ್ಲಿ ವಿಭೂತಿ ಸೃಷ್ಟಿಸುತ್ತಾನೆ ಎಂದು ಹೆಸರಾಗಿದ್ದ ಪುಟ್ಟ ಬಾಲಕನನ್ನೂ ಪರೀಕ್ಷಿಸಿತು. ಬಟ್ಟೆಯೊಳಗೆ ವಿಭೂತಿ ಅಡಗಿಸಿಟ್ಟಿದ್ದು ಬಯಲಾಯಿತು. ನರಸಿಂಹಯ್ಯನವರ ಕುಲಪತಿ ಅವಧಿ ಮುಗಿದ ಮೇಲೆ, 1977ರಲ್ಲಿ ಸಮಿತಿಯೂ ಕೊನೆಗೊಂಡಿತು.

ಬಹಿರಂಗ ಸವಾಲು ಹಾಕುವುದೂ ಒಂದು ಬಗೆಯ ಪ್ರದರ್ಶನವಲ್ಲವೇ ಎಂದು ಕೇಳಬಹುದು. ಹೌದು, ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ಆದರೆ ಅಲ್ಲಿ ಷರತ್ತು ಏನು, ಪರೀಕ್ಷಿಸುವವರು ಯಾರು ಎಂಬುದು ಮೊದಲೇ ಎಲ್ಲರಿಗೂ ಗೊತ್ತಿತ್ತು. ಪವಾಡ ಎಲ್ಲರೆದುರು ನಡೆದುಬಿಟ್ಟಿದ್ದರೆ ಸೋಲುತ್ತಿದ್ದವರು ಸಮಿತಿಯವರೇ. ಹಾಗೆ ಸೋಲುವ ಅವಕಾಶವನ್ನು ತೆರೆದಿಟ್ಟಿದ್ದರು. ಇನ್ನೊಂದು ಮಾತನ್ನೂ ನ್ಯಾಯವಾಗಿ ಹೇಳಬೇಕು. ಪರೀಕ್ಷೆಗೆ ಒಪ್ಪದಿರುವುದು ಮೋಸಕ್ಕೆ ಸಾಕ್ಷಿಯಲ್ಲ. ಪವಾಡಕ್ಕೂ ಸಾಕ್ಷಿಯಲ್ಲ. ಅಲ್ಲಿ ಸಾಕ್ಷಿಯೇ ಇಲ್ಲ, ಅಷ್ಟೆ.

ಒಳ್ಳೆಯ ಮನಸ್ಸೊಂದೇ ಸಾಲದು

"ಅವರು ಒಳ್ಳೆಯವರು, ಸುಳ್ಳು ಹೇಳುವವರಲ್ಲ" ಎಂಬುದು ನಾವೆಲ್ಲ ಕೊಡುವ ಪ್ರಮಾಣಪತ್ರ. ಅದು ಸಾಲದು ಎಂಬುದಕ್ಕೆ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ನಡೆದ ಘಟನೆ ಸಾಕ್ಷಿ. ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1979ರಲ್ಲಿ ಅತೀಂದ್ರಿಯ ಶಕ್ತಿಗಳ ಸಂಶೋಧನೆಗೆ 5 ಲಕ್ಷ ಡಾಲರ್ ನೆರವಿನಿಂದ ಪ್ರಯೋಗಾಲಯ ಶುರುವಾಯಿತು. ಮುಖ್ಯಸ್ಥ ಪೀಟರ್ ಫಿಲಿಪ್ಸ್ ಭೌತವಿಜ್ಞಾನಿ, ಪ್ರಾಮಾಣಿಕ ವ್ಯಕ್ತಿ. ಮನಸ್ಸಿನ ಬಲದಿಂದ ಚಮಚ ಬಗ್ಗಿಸುತ್ತೇವೆ ಎಂದು ಇಬ್ಬರು ಹುಡುಗರು ಬಂದರು. ಅವರನ್ನು ಸದ್ದಿಲ್ಲದೆ ಕಳಿಸಿದ್ದು ಜಾದೂಗಾರ ಜೇಮ್ಸ್ ರ್‍ಯಾಂಡಿ.

ಚಮಚಗಳಿಗೆ ದಾರದಲ್ಲಿ ಚೀಟಿ ಕಟ್ಟಿರುತ್ತಿದ್ದರು. ಹುಡುಗರು ಚೀಟಿ ಅದಲುಬದಲು ಮಾಡಿದರೆ ಸಾಕಿತ್ತು. ಇಂಥ ಕೈಚಳಕ ತಡೆಯುವುದು ಹೇಗೆಂದು ರ್‍ಯಾಂಡಿ ಮೊದಲೇ ಪತ್ರ ಬರೆದು ಎಚ್ಚರಿಸಿದ್ದರು. ನಿಯಮಗಳನ್ನು ಬಿಗಿ ಮಾಡಿದ ಮೇಲೆ "ಶಕ್ತಿ" ಕುಂದಿತು. 1983ರಲ್ಲಿ ಗುಟ್ಟು ಬಯಲಾಯಿತು. ಹೀಗೆ ಹುಡುಗರನ್ನು ಕಳಿಸಿ ವಂಚಿಸಿದ್ದು ಸರಿಯೇ ಎಂಬ ಟೀಕೆಯೂ ಬಂತು, ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಪಾಠ ಸ್ಪಷ್ಟವಾಗಿದೆ. ಪ್ರಕೃತಿಯನ್ನು ಅಳೆಯಲು ಕಲಿತವರು ಮನುಷ್ಯನ ಕೈಚಳಕವನ್ನು ಹಿಡಿಯಲು ಕಲಿತಿರಬೇಕೆಂದಿಲ್ಲ. ಪ್ರಾಮಾಣಿಕರೂ ಮೋಸ ಹೋಗಬಹುದು.

ಪ್ರದರ್ಶನವೆಲ್ಲ ಮೋಸವಲ್ಲ

ಹಾಗೆಯೇ ವೇದಿಕೆ ಹತ್ತಿದವರೆಲ್ಲ ಮೋಸಗಾರರಲ್ಲ. ಮಂಗಳೂರಿನ ನರೇಂದ್ರ ನಾಯಕ್, ಹುಲಿಕಲ್ ನಟರಾಜ್ ಮುಂತಾದವರು ಊರೂರು ಸುತ್ತಿ ಪವಾಡ ಬಯಲು ಕಾರ್ಯಕ್ರಮ ನಡೆಸುತ್ತ ಬಂದವರು. ಇಂಥ ಕಾರ್ಯಕ್ರಮಗಳಲ್ಲಿ ಕತ್ತರಿಸಿದ ನಿಂಬೆಹಣ್ಣಿನಿಂದ "ರಕ್ತ" ಬರುತ್ತದೆ. ಆಮೇಲೆ ಗುಟ್ಟು ಹೊರಬೀಳುತ್ತದೆ: ಚಾಕುವಿಗೆ ಮೊದಲೇ ಮೀಥೈಲ್ ಆರೆಂಜ್ ಸವರಿರುತ್ತಾರೆ, ನಿಂಬೆಯ ಆಮ್ಲ ತಗುಲಿದಾಗ ಅದು ಕೆಂಪಾಗುತ್ತದೆ. ಇದೂ ನಾಟಕವೇ, ಆದರೆ ಪರದೆ ಸರಿಸಿ ತೋರಿಸುವ ನಾಟಕ.

ಇದಕ್ಕೂ ಒಂದು ಮಿತಿಯಿದೆ. ವೇದಿಕೆಯ ಮೇಲೆ ಬಟ್ಟೆಗೆ ತಾನಾಗಿ ಬೆಂಕಿ ಹತ್ತುವಂತೆ ಮಾಡಿದರೆ ಹೀಗೂ ಮಾಡಲು ಸಾಧ್ಯ ಎಂದಷ್ಟೇ ತಿಳಿಯುತ್ತದೆ. ಯಾವುದೋ ಮನೆಯಲ್ಲಿ ನಡೆದದ್ದು ಹೀಗೆಯೇ, ಇಂಥವರೇ ಮಾಡಿದ್ದು ಎಂದು ಸಾಬೀತಾಗುವುದಿಲ್ಲ. ಅದಕ್ಕೆ ಆ ಮನೆಗೇ ಹೋಗಿ, ಮನೆಯವರ ಮಾತು ಕೇಳಿ, ಬೇರೆ ತನಿಖೆ ಮಾಡಬೇಕು. ಈ ವ್ಯತ್ಯಾಸ ಮರೆತರೆ ವಿಚಾರವಾದಿಯೂ ಪ್ರದರ್ಶನಕಾರನಾಗುತ್ತಾನೆ.

ನಮ್ಮ ಭಾಗದಲ್ಲಿ ಇದೇಕೆ ತಮಾಷೆಯಲ್ಲ

ಕಲಬುರಗಿ, ಬೀದರ್, ರಾಯಚೂರು ಕಡೆಯವರಿಗೆ ಭಾನಾಮತಿ ಎಂಬ ಪದ ಹೇಳಿಕೊಡಬೇಕಿಲ್ಲ. ಮನೆಯ ಮೇಲೆ ಕಲ್ಲು ಬಿತ್ತು, ಬಟ್ಟೆಗೆ ಬೆಂಕಿ ಹತ್ತಿತು, ಹೆಣ್ಣುಮಗಳು ವಿಚಿತ್ರವಾಗಿ ಕೂಗಿದಳು ಎಂದಾಗ "ಯಾರೋ ಮಾಡಿಸಿದ್ದಾರೆ" ಎಂಬ ಮಾತು ಹುಟ್ಟುತ್ತದೆ. ಆ "ಯಾರೋ" ಬೇಗನೇ ಒಂದು ಹೆಸರಾಗುತ್ತದೆ. ಒಂಟಿ ಹೆಂಗಸು, ವಿಧವೆ, ಜಗಳವಿರುವ ನೆರೆಯವರು. ದೆವ್ವದ ವಿಡಿಯೋ ನೋಡಿ ನಾವು ನಕ್ಕು ಮರೆಯುತ್ತೇವೆ. ಆದರೆ ವಿಡಿಯೋದಲ್ಲಿ ಊರು, ಓಣಿ, ಬಾಗಿಲು ಕಂಡ ಮೇಲೆ ಆ ಮನೆಗೆ ಬಾಡಿಗೆದಾರರು ಬರುವುದಿಲ್ಲ, ಆ ಮನೆಯ ಮಗಳಿಗೆ ಸಂಬಂಧ ಕೂಡಿಬರುವುದು ಕಷ್ಟವಾಗುತ್ತದೆ. ಹೆಸರು ಬಂದ ಹೆಂಗಸು ಬಾವಿಕಟ್ಟೆಗೆ ಹೋಗಲೂ ಅಂಜಬೇಕಾಗುತ್ತದೆ.

ಮೈಮೇಲೆ ಬಂದಂತೆ ವರ್ತಿಸುವುದು, ದನಿ ಬದಲಾಗುವುದು, ಆಮೇಲೆ ಏನೂ ನೆನಪಿಲ್ಲದಿರುವುದು, ಇವು ಕೆಲವೊಮ್ಮೆ ತಡೆಯಲಾಗದ ಮಾನಸಿಕ ಒತ್ತಡದ ಲಕ್ಷಣ, ಕೆಲವೊಮ್ಮೆ ಮೂರ್ಛೆರೋಗದ್ದು. ಅದು ನಟನೆ ಆಗಿರಬೇಕೆಂದಿಲ್ಲ, ದೆವ್ವವೂ ಆಗಿರಬೇಕೆಂದಿಲ್ಲ. ಡಾ. ಸಿ.ಆರ್. ಚಂದ್ರಶೇಖರ್ ಅವರಂಥ ಮನೋವೈದ್ಯರು ಮನಸ್ಸಿನ ಕಾಯಿಲೆಗಳ ಬಗ್ಗೆ ದಶಕಗಳಿಂದ ಸರಳ ಕನ್ನಡದಲ್ಲಿ ಬರೆದಿದ್ದಾರೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಉಚಿತವಾಗಿ ಸಲಹೆ ಸಿಗುತ್ತದೆ. ಇಂಥ ಸ್ಥಿತಿಯಲ್ಲಿರುವವಳ ಮುಖಕ್ಕೆ ಕ್ಯಾಮೆರಾ ಹಿಡಿದು "ನಿನ್ನೊಳಗಿರುವುದು ಯಾರು?" ಎಂದು ಕೇಳುವವನ ಮನಸ್ಸು ಎಷ್ಟೇ ಒಳ್ಳೆಯದಿರಲಿ, ಅದು ತನಿಖೆಯಲ್ಲ.

ಕಾನೂನೂ ಇದೆ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ 2017ರ ಕರ್ನಾಟಕ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ಅದರಡಿ ಅಪರಾಧ. ಪೂಜೆ, ಭಜನೆ, ಹರಿಕಥೆಗೆ ಅದು ಅಡ್ಡಿಯಲ್ಲ.

ಮಸ್ಕಿಯ ಬಂಡೆ ಹೇಳುವ ಪಾಠ

ಸಾಕ್ಷಿ ಎಂದರೆ ಹೇಗಿರಬೇಕು ಎಂದು ತಿಳಿಯಲು ಮಸ್ಕಿಯವರು ದೂರ ಹೋಗಬೇಕಿಲ್ಲ. "ದೇವಾನಂಪ್ರಿಯ" ಎಂದು ಶಾಸನ ಬರೆಸಿದ ರಾಜ ಅಶೋಕನೇ ಇರಬೇಕು ಎಂದು ವಿದ್ವಾಂಸರು 19ನೇ ಶತಮಾನದಿಂದಲೇ ಊಹಿಸಿದ್ದರು. ಆದರೆ ಅಲ್ಲಿಯವರೆಗೆ ಸಿಕ್ಕ ಅವನ ಶಾಸನಗಳಲ್ಲಿ ಬಿರುದು ಮಾತ್ರ ಇತ್ತು. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಮಸ್ಕಿಯ ಶಾಸನ ಬಿತ್ತು. ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಮುಂದೆ ಮಧ್ಯಪ್ರದೇಶದ ಗುಜ್ಜರ, ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರು ಸಿಕ್ಕಿತು.

ಈ ಸಾಕ್ಷಿಯ ಗುಣ ಗಮನಿಸಿ. ಅದು ಕತ್ತಲಲ್ಲಿ ಮಾತ್ರ ಕಾಣುವುದಿಲ್ಲ. ಕಂಡವನ ಮಾತನ್ನೇ ನಂಬಬೇಕಿಲ್ಲ, ಲಿಪಿ ಬಲ್ಲವರು ಯಾರೇ ಬಂದು ಓದಬಹುದು. ಬೇರೆ ಕಡೆಯೂ ಅದೇ ಸಾಕ್ಷಿ ಸಿಕ್ಕಿದೆ. ನೂರು ವರ್ಷದ ನಂತರವೂ ಅದು ಅಲ್ಲೇ ಇದೆ.

ಫಾರ್ವರ್ಡ್ ಮಾಡುವ ಮುನ್ನ ಐದು ಪ್ರಶ್ನೆ

1. ಏನು ಕಂಡರೆ "ಇಲ್ಲಿ ಏನೂ ಇಲ್ಲ" ಎಂದು ಒಪ್ಪುತ್ತೇವೆ ಎಂದು ಅವರು ಮೊದಲೇ ಹೇಳಿದ್ದಾರೆಯೇ?

2. ಏನೂ ಸಿಗದೆ ವಾಪಸ್ ಬಂದ ವಿಡಿಯೋವನ್ನು ಅವರು ಎಂದಾದರೂ ಹಾಕಿದ್ದಾರೆಯೇ? ಹೋದ ಕಡೆಯಲ್ಲೆಲ್ಲ ದೆವ್ವ ಸಿಕ್ಕರೆ ಅನುಮಾನ ಪಡಿ.

3. ಕತ್ತರಿಸದ ಪೂರ್ತಿ ರೆಕಾರ್ಡಿಂಗ್ ಸಿಗುತ್ತದೆಯೇ? ಬೇರೆ ತಂಡ, ವಿಶೇಷವಾಗಿ ಜಾದೂ ಬಲ್ಲವರು, ಬಂದು ನೋಡಲು ಬಿಡುತ್ತಾರೆಯೇ?

4. ಉತ್ತರದ ಜೊತೆಗೆ ತಾಯಿತ, ಯಂತ್ರ, ಪೂಜಾ ಪ್ಯಾಕೇಜ್ ಮಾರಾಟಕ್ಕಿದೆಯೇ?

5. ಯಾರ ಮನೆ, ಯಾರ ಮುಖ, ಯಾರ ಹೆಸರು ಕಾಣುತ್ತಿದೆ? ಅವರ ಒಪ್ಪಿಗೆ ಇದೆಯೇ?

ಮೊದಲ ನಾಲ್ಕಕ್ಕೆ ಉತ್ತರ ಗೊತ್ತಾಗದಿದ್ದರೂ ಐದನೆಯದಕ್ಕೆ ಉತ್ತರ ತೆರೆಯ ಮೇಲೆಯೇ ಇರುತ್ತದೆ. ಒಬ್ಬ ಹೆಣ್ಣುಮಗಳ ಮುಖವೋ ಒಂದು ಮನೆಯ ಬಾಗಿಲೋ ಕಂಡರೆ, ಆ ವಿಡಿಯೋವನ್ನು ನಿಮ್ಮ ಮೊಬೈಲ್‌ನಲ್ಲೇ ನಿಲ್ಲಿಸಿಬಿಡಿ.