ಮದ್ದಿನೊಡನೆ ಮನೆಯೂ ಬೇಕು

ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹದಲ್ಲಿ ಮೊದಲಿನ ಎರಡನ್ನು ಕೊಂಡಾಡುವಷ್ಟು ಮೂರನೆಯದನ್ನು ಜನರು ಕೊಂಡಾಡುವುದಿಲ್ಲ. ಆದರೆ ಮಠಗಳ ವಿದ್ಯಾಸೇವೆಯ ಇತಿಹಾಸವನ್ನು ಅವಲೋಕಿಸಿದರೆ, ಆಶ್ರಯವೇ ಉಳಿದೆರಡಕ್ಕೂ ಆಧಾರವಾಗಿದ್ದಿತೆಂಬುದು ಸ್ಪಷ್ಟವಾಗುತ್ತದೆ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿ ಬೀದರ ಜಿಲ್ಲೆಯ ಮನೆಮನೆಗೂ ಗೊತ್ತು. ಪಾಠಶಾಲೆಯ ಬಾಗಿಲು ತೆರೆದಿದ್ದ ಮಾತ್ರಕ್ಕೆ ಬಡವರ ಮಕ್ಕಳು ಓದಲಾರರು. ಹಳ್ಳಿಯನ್ನು ಬಿಟ್ಟು ಬಂದ ಬಾಲಕನಿಗೆ ಉಣ್ಣಲು ಪ್ರಸಾದವೂ ಮಲಗಲು ಜಾಗವೂ ಬೇಕು. ಈ ಅರಿವಿನಿಂದಲೇ ನಾಡಿನ ಉಚಿತ ಪ್ರಸಾದ ನಿಲಯಗಳು ಹುಟ್ಟಿದವು.

ಶಾಲೆಗೆ ಸಲ್ಲುವ ಈ ಮಾತು ಆಸ್ಪತ್ರೆಗೂ ಸಲ್ಲುತ್ತದೆ. ಮನೆಯಿಲ್ಲದೆ ಬಸ್ ನಿಲ್ದಾಣದಲ್ಲಿ, ರೈಲು ನಿಲ್ದಾಣದಲ್ಲಿ, ಅಂಗಡಿಗಳ ಜಗಲಿಯ ಮೇಲೆ ರಾತ್ರಿ ಕಳೆಯುವವರಲ್ಲಿ ಅಫೀಮಿನ ಕುಲದ ಮಾದಕ ದ್ರವ್ಯಗಳಿಗೆ ವಶರಾದವರೂ ಉಂಟು. ಅಂಥವರಿಗೆ ಚಿಕಿತ್ಸೆ ದೊರೆತರೂ ತಲೆಯ ಮೇಲೊಂದು ಸೂರು ದೊರೆಯದಿದ್ದರೆ ಆ ಚಿಕಿತ್ಸೆ ನಿಲ್ಲುವುದು ಕಷ್ಟ. ಸಮಾಜವು ಇನ್ನೂ ಮನಗಾಣಬೇಕಾಗಿರುವ ಸತ್ಯವಿದು.

ಬೀದರದಿಂದ ಔರಾದಿನ ಕಡೆಗೆ ಹೋಗುವ ದಾರಿಯಲ್ಲಿರುವ ಜನವಾಡದ ಸುತ್ತಲಿನ ಯಾವುದೋ ಹಳ್ಳಿಯ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳಬಹುದು. ಮಳೆ ಕೈಕೊಟ್ಟ ವರ್ಷ ಅವನು ಕೂಲಿಗಾಗಿ ಹೈದರಾಬಾದಿಗೆ ಹೋಗುತ್ತಾನೆ. ಕಟ್ಟಡದ ಕೆಲಸದಲ್ಲಿ ಬೆನ್ನು ಹಿಡಿದಾಗ ಸಂಗಡಿಗರು ಕೊಟ್ಟ ನೋವಿನ ಗುಳಿಗೆಯನ್ನು ನುಂಗುತ್ತಾನೆ. ಮೊದಲು ನೋವಿಗೆಂದು ಒಂದು, ಅನಂತರ ನಿದ್ದೆಗೆಂದು ಎರಡು, ಕೊನೆಗೆ ಅದಿಲ್ಲದೆ ಕೈಕಾಲು ನಡುಗುವ ಸ್ಥಿತಿ. ಕೆಲಸ ಹೋಗುತ್ತದೆ, ಬಾಡಿಗೆಯ ಕೋಣೆ ಹೋಗುತ್ತದೆ, ಊರಿಗೆ ಮರಳಿದರೆ ಅಣ್ಣತಮ್ಮಂದಿರು ಬಾಗಿಲು ಹಾಕಿಕೊಳ್ಳುತ್ತಾರೆ. ಅವನು ಹುಟ್ಟು ದುಷ್ಟನಲ್ಲ. ಸಾಲಾಗಿ ಬಂದ ದುರ್ದೈವಗಳು ಅವನನ್ನು ಬೀದಿಗೆ ತಳ್ಳಿವೆ.

ಇಂಥವರ ಸಂಖ್ಯೆ ಅಲ್ಪವೆಂದು ಕಡೆಗಣಿಸುವಂತಿಲ್ಲ. ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ ನಡೆಸಿ ೨೦೧೯ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಅಫೀಮಿನ ಕುಲದ ದ್ರವ್ಯಗಳನ್ನು ಬಳಸುವವರು ಸುಮಾರು ೨.೨೬ ಕೋಟಿ, ಅವರಲ್ಲಿ ನೆರವು ಬೇಕಾದವರು ಸುಮಾರು ೭೭ ಲಕ್ಷ. ಮದ್ಯ ಬಳಸುವವರು ಸುಮಾರು ೧೬ ಕೋಟಿಯಾದುದರಿಂದ ಮದ್ಯದ ಪಿಡುಗು ಇದಕ್ಕಿಂತ ವ್ಯಾಪಕವೆಂಬುದು ನಿಜ. ಆದರೆ ಹಿರಿಯ ಬೆಂಕಿಯನ್ನು ತೋರಿಸಿ ಕಿರಿಯ ಬೆಂಕಿಯನ್ನು ಉರಿಯಲು ಬಿಡುವುದು ವಿವೇಕವಲ್ಲ. ಟ್ರಮಡಾಲ್ ಎಂಬ ನೋವಿನ ಗುಳಿಗೆಯನ್ನು ೨೦೧೮ರಲ್ಲಿ ಮಾದಕ ದ್ರವ್ಯಗಳ ಕಾಯಿದೆಯ ವ್ಯಾಪ್ತಿಗೆ ತಂದುದನ್ನು ನೋಡಿದರೆ, ಈ ವ್ಯಸನವು ಗುಡ್ಡಗಾಡಿನ ಅಫೀಮಿನ ಹೊಲದಿಂದಲ್ಲದೆ ಔಷಧದ ಅಂಗಡಿಯಿಂದಲೂ ಹುಟ್ಟಬಲ್ಲದೆಂಬುದು ತಿಳಿಯುತ್ತದೆ.

ಈ ರೋಗದ ಚಿಕಿತ್ಸೆಯ ಸ್ವರೂಪವನ್ನು ಬಲ್ಲವರಿಗೆ ಸೂರಿನ ಮಹತ್ವ ಬೇಗನೆ ಹೊಳೆಯುತ್ತದೆ. ಹತ್ತು ಹದಿನೈದು ದಿನ ಆಸ್ಪತ್ರೆಯಲ್ಲಿಟ್ಟು ಮೈಯ ನಂಜನ್ನು ಇಳಿಸಿದರೆ ಕೆಲಸ ಮುಗಿಯಿತೆಂದು ಅನೇಕರ ಭಾವನೆ. ವಾಸ್ತವದಲ್ಲಿ ಅಪಾಯವು ಅಲ್ಲಿಂದಲೇ ಆರಂಭವಾಗುತ್ತದೆ. ಕೆಲವು ದಿನ ಬಿಟ್ಟಿದ್ದ ದೇಹವು ಹಿಂದಿನ ಪ್ರಮಾಣವನ್ನು ತಾಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಆಸ್ಪತ್ರೆಯಿಂದ ಹೊರಬಿದ್ದವನು ಹಳೆಯ ಜಗಲಿಗೆ, ಹಳೆಯ ಗೆಳೆಯರ ನಡುವೆ ಮರಳಿ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಂತು ಪ್ರಾಣವೇ ಹೋಗಬಹುದು. ಆದುದರಿಂದ ವೈದ್ಯರು ಬುಪ್ರೆನಾರ್ಫಿನ್ ಅಥವಾ ಮೆಥಡೋನ್ ಎಂಬ ಔಷಧವನ್ನು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ೨೦೦೫ರಲ್ಲಿಯೇ ಇವೆರಡನ್ನೂ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಚಿಕಿತ್ಸೆಯ ಆರಂಭದಲ್ಲಿ ದಿನವೂ ದವಾಖಾನೆಗೆ ಬಂದು ದಾದಿಯ ಎದುರಿನಲ್ಲಿಯೇ ಔಷಧ ತೆಗೆದುಕೊಳ್ಳುವುದು ರೂಢಿ. ರಾತ್ರಿಯೆಲ್ಲ ಚಳಿಗೆ ನಡುಗಿ, ಬೆಳಗಿನ ಜಾವ ಯಾರೋ ಎಬ್ಬಿಸಿ ಓಡಿಸಿದವನು ಈ ನಿಯಮವನ್ನು ಎಷ್ಟು ದಿನ ಪಾಲಿಸಿಯಾನು?

ಇಲಕಲ್ಲಿನ ಚಿತ್ತರಗಿ ಮಠದ ಪೂಜ್ಯ ಮಹಾಂತ ಶಿವಯೋಗಿಗಳು ೧೯೭೫ರಲ್ಲಿ ಜೋಳಿಗೆ ಹಿಡಿದು ಹೊರಟು, ಕಾಸು ಕಾಳುಗಳನ್ನು ಬೇಡದೆ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ೨೦೧೮ರಲ್ಲಿ ಲಿಂಗೈಕ್ಯರಾದ ಆ ಮಹನೀಯರ ಜನ್ಮದಿನವಾದ ಆಗಸ್ಟ್ ೧ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಆ ಜೋಳಿಗೆಗೆ ಚಟವನ್ನು ಹಾಕಿದವನು ಸಂಜೆ ಮನೆಗೆ ಹೋಗುತ್ತಿದ್ದನು. ಅಲ್ಲಿ ತಾಯಿ, ಮಡದಿ, ಮಕ್ಕಳು ಅವನ ಸಂಕಲ್ಪಕ್ಕೆ ಕಾವಲಾಗಿರುತ್ತಿದ್ದರು. ಮನೆಯೇ ಇಲ್ಲದವನು ಚಟವನ್ನು ಜೋಳಿಗೆಗೆ ಹಾಕಿ ಎಲ್ಲಿಗೆ ಹೋಗಬೇಕು? ಅವನ ಸಂಕಲ್ಪವನ್ನು ಕಾಯುವವರು ಯಾರು? ಶಿವಯೋಗಿಗಳು ಆರಂಭಿಸಿದ ಕಾರ್ಯದ ಮುಂದಿನ ಹೆಜ್ಜೆ ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಆಗಿದೆ.

ವಿದೇಶಗಳ ಅನುಭವವೂ ಇಲ್ಲಿ ಪರಿಶೀಲನಾರ್ಹ. ಕೆನಡಾ ದೇಶದ ಐದು ನಗರಗಳಲ್ಲಿ ೨೦೦೯ರಿಂದ ೨೦೧೩ರವರೆಗೆ, ಮಾನಸಿಕ ಅಸ್ವಸ್ಥತೆಯುಳ್ಳ ಸುಮಾರು ಎರಡು ಸಾವಿರ ನಿರ್ವಸಿತರನ್ನು ಕುರಿತು ಒಂದು ದೊಡ್ಡ ಪ್ರಯೋಗ ನಡೆಯಿತು. ಅವರಲ್ಲಿ ಅನೇಕರು ವ್ಯಸನಿಗಳೂ ಆಗಿದ್ದರು. ಮೊದಲು ಚಟ ಬಿಡು, ಅನಂತರ ಮನೆ ಕೊಡುತ್ತೇವೆ ಎನ್ನದೆ ಒಂದು ಗುಂಪಿಗೆ ಮೊದಲೇ ಮನೆ ಕೊಟ್ಟರು. ಪ್ರಯೋಗದ ಕೊನೆಯ ಆರು ತಿಂಗಳಲ್ಲಿ ಆ ಗುಂಪಿನ ಶೇಕಡಾ ೬೨ ಮಂದಿ ಪೂರ್ಣ ಕಾಲ ಮನೆಯಲ್ಲಿ ನೆಲೆ ನಿಂತಿದ್ದರು. ಇನ್ನೊಂದು ಗುಂಪಿನಲ್ಲಿ ಹಾಗೆ ನಿಂತವರು ಶೇಕಡಾ ೩೧. ಆದರೆ ಮನೆ ದೊರೆತ ಮಾತ್ರದಿಂದ ಮಾದಕ ದ್ರವ್ಯಗಳ ಬಳಕೆ ಇನ್ನೊಂದು ಗುಂಪಿಗಿಂತ ಹೆಚ್ಚಾಗಿ ತಗ್ಗಲಿಲ್ಲವೆಂಬುದನ್ನೂ ಮರೆಮಾಚಬಾರದು. ಮನೆಯೊಂದೇ ಮದ್ದಲ್ಲ, ಮದ್ದೊಂದೇ ಮನೆಯಲ್ಲ. ಎರಡೂ ಕೂಡಿದಾಗಲೇ ಮನುಷ್ಯನು ಎದ್ದು ನಿಲ್ಲಬಲ್ಲನು.

ಕುಡುಕನಿಗೂ ನಶೆಗಾರನಿಗೂ ಮನೆ ಕೊಡುವುದು ದುರ್ನಡತೆಗೆ ಬಹುಮಾನ ಕೊಟ್ಟಂತಾಗದೆ ಎಂದು ಕೆಲವು ಸಜ್ಜನರು ಶಂಕಿಸುತ್ತಾರೆ. ದುಡಿದ ಹಣವನ್ನು ದಾನ ಮಾಡುವವರಿಗೆ ಈ ಶಂಕೆ ಸಹಜವಾದುದೇ. ಆದರೆ ಪ್ರಸಾದ ನಿಲಯದ ಹುಡುಗ ಪರೀಕ್ಷೆಯಲ್ಲಿ ಒಮ್ಮೆ ನಪಾಸಾದರೆ ಅವನ ತಟ್ಟೆಯನ್ನು ಯಾರೂ ಕಸಿದುಕೊಳ್ಳುವುದಿಲ್ಲ, ಇನ್ನೊಮ್ಮೆ ಓದಿಸುತ್ತಾರೆ. ಈ ರೋಗದಲ್ಲಿ ಮರಳಿ ಜಾರುವುದು ಸಾಮಾನ್ಯ. ಜಾರಿದ ರಾತ್ರಿಯೇ ಬೀದಿಗೆ ಅಟ್ಟಿದರೆ ಅವನನ್ನು ಸಾವಿನ ಬಾಯಿಗೆ ನೂಕಿದಂತೆಯೇ ಸರಿ. ಹೊಡೆದಾಟ, ಮಾದಕ ವಸ್ತುಗಳ ಮಾರಾಟ ಇವುಗಳಿಗೆ ಕಠಿಣ ನಿಯಮವಿರಲಿ. ಜಾರಿದವನಿಗೆ ವೈದ್ಯರ ದಾರಿ ತೆರೆದಿರಲಿ.

ಇದು ಕೇವಲ ಕರುಣೆಯ ಮಾತೂ ಅಲ್ಲ. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ಮಾದಕ ವ್ಯಸನದಿಂದ ಉಂಟಾಗುವ ಸ್ಥಿತಿಯನ್ನು ಮಾನಸಿಕ ಅಸ್ವಸ್ಥತೆಯೊಳಗೇ ಸೇರಿಸಿದೆ. ಆಸ್ಪತ್ರೆಗೂ ಮನೆಗೂ ನಡುವಣ ಆಸರೆಯ ನಿಲಯಗಳನ್ನು ಒದಗಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ಲಕ್ಷ ಜನಸಂಖ್ಯೆಗೆ ಒಂದರಂತೆ ನಗರಗಳಲ್ಲಿ ನಿರ್ವಸಿತರಿಗೆ ವಸತಿ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೧೦ರಲ್ಲಿ ಆದೇಶಿಸಿತು. ಆದರೆ ರಾತ್ರಿಯ ತಂಗುದಾಣ ಬೇರೆ, ಚಿಕಿತ್ಸೆಯ ಕಾಲದ ನೆಲೆ ಬೇರೆ.

ಬೀದರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅದಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ಎಂಟು ಹತ್ತು ಹಾಸಿಗೆಗಳ ಒಂದು ಚಿಕ್ಕ ನಿಲಯ, ಹೆಂಗಸರಿಗೆ ಪ್ರತ್ಯೇಕವಾದ ಇನ್ನೊಂದು. ಬೀಗ ಹಾಕಬಹುದಾದ ಒಂದು ಪೆಟ್ಟಿಗೆ. ರೇಷನ್ ಕಾರ್ಡಿಗೂ ಬ್ಯಾಂಕಿನ ಪುಸ್ತಕಕ್ಕೂ ಬರೆಸಬಹುದಾದ ಒಂದು ವಿಳಾಸ. ಮೈ ಕುದುರಿದ ಮೇಲೆ ಅಡುಗೆಮನೆಯಲ್ಲೋ ತೋಟದಲ್ಲೋ ಕೂಲಿ ಸಿಗುವ ಕಾಯಕ. ಔಷಧ ಎಷ್ಟು, ಎಂದಿನವರೆಗೆ ಎಂಬುದನ್ನು ವೈದ್ಯರು ನಿರ್ಧರಿಸಲಿ. ಆಣೆ ಪ್ರಮಾಣ ಮಾಡಿಸಿ ಔಷಧವನ್ನು ಬಿಡಿಸುವ ಉತ್ಸಾಹ ಬೇಡ. ಕಟ್ಟಡವನ್ನು ದಾನಿಗಳು ಕೊಡಬಲ್ಲರು, ಲೆಕ್ಕಪತ್ರವನ್ನು ನಿವೃತ್ತ ಶಿಕ್ಷಕರು ನೋಡಬಲ್ಲರು, ಕೆಲಸ ಕೊಡಿಸುವುದು ವ್ಯಾಪಾರ ಉದ್ಯೋಗಗಳಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ ಸಾಧ್ಯ.

ಬಸವಣ್ಣನವರ ಮಹಾಮನೆ ಬೆಳಗಿದ ಕಲ್ಯಾಣ ಇದೇ ಜಿಲ್ಲೆಯಲ್ಲಿದೆ. ಆ ಮನೆಯ ಹೊಸ್ತಿಲು ದಾಟಲು ಒಳ್ಳೆಯವನೆಂಬ ಪ್ರಮಾಣಪತ್ರ ಬೇಕಿರಲಿಲ್ಲ. ಒಳಗೆ ಬಂದವನು ಒಳ್ಳೆಯವನಾಗುವನೆಂಬ ಭರವಸೆ ಅಲ್ಲಿತ್ತು. ಪ್ರಸಾದ ನಿಲಯದ ಅನ್ನವುಂಡು ಓದಿ ಮುಂದೆ ಬಂದವರು ನಾಡಿನಲ್ಲಿ ಸಹಸ್ರಾರು ಮಂದಿ. ಒಂದು ಸೂರು ಮನುಷ್ಯನನ್ನು ಏನು ಮಾಡಬಲ್ಲದೆಂಬುದನ್ನು ಅವರಿಗೆ ಬೇರೆಯವರು ಹೇಳಬೇಕಾಗಿಲ್ಲ.